ತೊಳೆದರೆ ಹೋಗುವುದು, ತೊಳೆದರೂ ಹೋಗದ್ದು: ಕೊಳಚೆ ನೀರಿನ ತರಕಾರಿಯಲ್ಲಿ ಏನಿರುತ್ತದೆ?

ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿನ ಮಾತು ಬಂದಾಗಲೆಲ್ಲ ಎರಡು ಬಗೆಯ ಉತ್ತರಗಳು ಸಿದ್ಧವಾಗಿರುತ್ತವೆ. ‘ಚೆನ್ನಾಗಿ ತೊಳೆದು ಬೇಯಿಸಿದರೆ ಏನೂ ಆಗುವುದಿಲ್ಲ’ ಎಂಬುದು ಒಂದು. ‘ಅದು ವಿಷ, ಮನೆಯೊಳಗೆ ತರಲೇಬೇಡಿ’ ಎಂಬುದು ಇನ್ನೊಂದು. ಇಬ್ಬರೂ ತಮ್ಮ ಮಾತಿಗೆ ಪುರಾವೆ ಕೊಡಬಲ್ಲರು, ಏಕೆಂದರೆ ಇಬ್ಬರೂ ಬೇರೆ ಬೇರೆ ಮಾಲಿನ್ಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿರುತ್ತಾರೆ. ಮೊದಲನೆಯವರ ತಲೆಯಲ್ಲಿರುವುದು ರೋಗಾಣು, ಎರಡನೆಯವರ ತಲೆಯಲ್ಲಿರುವುದು ಸೀಸ, ಕ್ಯಾಡ್ಮಿಯಂನಂಥ ಭಾರಲೋಹ. ರೋಗಾಣು ಬಿಸಿಲಿಗೆ ಸಾಯುತ್ತದೆ, ಕುದಿಗೆ ಸಾಯುತ್ತದೆ. ಬದುಕಿ ಉಳಿದರೆ ಮಾತ್ರ ಕೆಲವೇ ದಿನಗಳಲ್ಲಿ ಹಾಸಿಗೆ ಹಿಡಿಸುತ್ತದೆ. ಲೋಹ ಯಾವುದಕ್ಕೂ ಸಾಯುವುದಿಲ್ಲ, ಅದಕ್ಕೆ ಅವಸರವೂ ಇಲ್ಲ. ಎರಡನ್ನೂ ಕೊಳಕು ಎಂಬ ಒಂದೇ ಹೆಸರಿನಡಿ ಸೇರಿಸಿದ ಕೂಡಲೇ, ಅಡುಗೆಮನೆಯಲ್ಲಿ ಆಗಬೇಕಾದ ಕೆಲಸ ಯಾವುದು, ಹೊಲದಲ್ಲಿ ಯಾವುದು, ಕಾರ್ಖಾನೆಯಲ್ಲಿ ಯಾವುದು ಎಂಬುದು ಕಲಸಿಹೋಗುತ್ತದೆ.

ಇದು ಸಣ್ಣ ಪ್ರಮಾಣದ ಸಂಗತಿಯೂ ಅಲ್ಲ. ನಗರಗಳಿಂದ ಕೆಳಹರಿವಿನ 40 ಕಿಲೋಮೀಟರಿನೊಳಗೆ, ನಗರದ ತ್ಯಾಜ್ಯನೀರನ್ನೇ ಬಹುಪಾಲು ನೆಚ್ಚಿಕೊಂಡ ನೀರಾವರಿ ಜಮೀನು ಜಗತ್ತಿನಲ್ಲಿ ಸುಮಾರು 3.6 ಕೋಟಿ ಹೆಕ್ಟೇರ್ ಇದೆ ಎಂದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜಿಸಿತು. ಅದರಲ್ಲಿ 2.9 ಕೋಟಿ ಹೆಕ್ಟೇರ್ ಇರುವುದು ತ್ಯಾಜ್ಯನೀರಿನ ಸಂಸ್ಕರಣೆ ಅರೆಬರೆಯಾಗಿರುವ ದೇಶಗಳಲ್ಲಿ. ಚರಂಡಿಯಿಂದ ನೇರವಾಗಿ ನೀರೆತ್ತುವ ರೈತರಷ್ಟೇ ಇದರಲ್ಲಿಲ್ಲ. ಹೊಳೆಯ ನೀರು ಎಂದು ನಂಬಿ, ಮೇಲಿನ ಊರು ಬಿಟ್ಟ ಕೊಳಚೆಯನ್ನೇ ಹೊಲಕ್ಕೆ ಹಾಯಿಸುತ್ತಿರುವವರೂ ಈ ಲೆಕ್ಕದಲ್ಲಿದ್ದಾರೆ.

ಒಂದು ಮೀಟರ್ ನೀರಿನ ಲೆಕ್ಕ

ರೈತ ಈ ನೀರನ್ನು ಏಕೆ ಬಿಡುವುದಿಲ್ಲ ಎಂಬುದನ್ನು ಮೊದಲು ನೋಡೋಣ. ಒಂದು ಹೆಕ್ಟೇರ್ ತರಕಾರಿ ತೋಟಕ್ಕೆ ವರ್ಷಕ್ಕೆ ಒಟ್ಟು ಒಂದು ಮೀಟರ್ ಆಳದಷ್ಟು ನೀರು ಹಾಯಿಸಿದರು ಎಂದುಕೊಳ್ಳಿ. ಅದು ಒಂದು ಕೋಟಿ ಲೀಟರ್. ಮನೆಗಳಿಂದ ಬರುವ ಕೊಳಚೆಯಲ್ಲಿ ಲೀಟರಿಗೆ 40 ಮಿಲಿಗ್ರಾಂ ಸಾರಜನಕ ಇರುವುದು ಸಾಮಾನ್ಯ. ಗುಣಿಸಿ ನೋಡಿದರೆ ವರ್ಷಕ್ಕೆ 400 ಕಿಲೋ ಸಾರಜನಕ, ಅಂದರೆ ಸುಮಾರು 870 ಕಿಲೋ ಯೂರಿಯಾದಲ್ಲಿ ಇರುವಷ್ಟು. ಜೊತೆಗೆ ರಂಜಕ, ಪೊಟ್ಯಾಷ್, ಸಾವಯವ ಅಂಶ. ಮಳೆ ಬರಲಿ ಬಿಡಲಿ, ನಗರ ಮುಖ ತೊಳೆದ ಹೊತ್ತಿಗೆ ಸರಿಯಾಗಿ ಕಾಲುವೆಯಲ್ಲಿ ನೀರು ಬಂದೇ ಬರುತ್ತದೆ. ಇದಕ್ಕಿಂತ ನಿಯತ್ತಾದ ನೀರಾವರಿ ಮತ್ತೊಂದಿಲ್ಲ. ಮೆಕ್ಸಿಕೋ ನಗರದ ಕೊಳಚೆ ನೂರು ವರ್ಷಕ್ಕೂ ಮಿಗಿಲಾಗಿ ಮೆಸ್ಕಿತಾಲ್ ಕಣಿವೆಯ ಸುಮಾರು 90 ಸಾವಿರ ಹೆಕ್ಟೇರ್ ಜಮೀನಿಗೆ ಹರಿಯುತ್ತ ಬಂದಿದೆ. ಅಲ್ಲಿಗೆ ದೊಡ್ಡ ಸಂಸ್ಕರಣಾ ಘಟಕ ಬರುತ್ತದೆ ಎಂದಾಗ, ನೀರಿನ ಜೊತೆ ಬರುವ ಗೊಬ್ಬರ ತಪ್ಪಿಹೋಗುತ್ತದೆಂದು ಆತಂಕಪಟ್ಟವರು ಅಲ್ಲಿಯ ರೈತರೇ.

ಈ ಪುಕ್ಕಟೆ ಗೊಬ್ಬರಕ್ಕೂ ಒಂದು ಕೊಂಕಿದೆ. ಬೇಕಾದಾಗ ಹಾಕಿ, ಬೇಡವಾದಾಗ ನಿಲ್ಲಿಸುವ ಅವಕಾಶ ಇಲ್ಲಿಲ್ಲ. ಹೂ ಕಟ್ಟಿ ಕಾಯಿ ಬಲಿಯುವ ಹೊತ್ತಿನಲ್ಲೂ ನೀರಿನ ಜೊತೆ ಸಾರಜನಕ ಬೀಳುತ್ತಲೇ ಇರುವುದರಿಂದ ಗಿಡ ಎಲೆ ಬಿಡುವುದರಲ್ಲೇ ಮೈಮರೆಯುತ್ತದೆ, ಹಣ್ಣು ತಡವಾಗುತ್ತದೆ. ಗಿಡ ಹೀರದೆ ಉಳಿದದ್ದು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಸಾಬೂನು, ಉಪ್ಪುಗಳಿಂದ ಬರುವ ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಬಿಡಿಸಿ, ನೀರು ಇಂಗದಂತೆ ಮಾಡುತ್ತದೆ. ಆದರೂ ನೈಟ್ರೇಟ್ ಒಂದನ್ನು ಬಿಟ್ಟರೆ ಇವು ರೈತನ ಕಣ್ಣಿಗೆ ಕಾಣುವ ತೊಂದರೆಗಳು. ಹೊಲ ತಾನೇ ದೂರು ಕೊಡುತ್ತದೆ.

ಎಲೆಗೆ ಅಂಟಿದ ನೀರು

ರೋಗಾಣುಗಳ ವಿಷಯದಲ್ಲಿ ಎಲ್ಲವನ್ನೂ ನಿರ್ಧರಿಸುವುದು ತರಕಾರಿಯ ಮೈ. ಇಸ್ರೇಲಿನ ಸಂಶೋಧಕರು 1990ರ ದಶಕದಲ್ಲಿ ಇದನ್ನು ನೇರವಾಗಿ ಅಳೆದರು. ನೂರು ಗ್ರಾಂ ಲೆಟ್ಯೂಸ್ ಎಲೆ ತನ್ನ ಮಡಿಕೆಗಳಲ್ಲಿ 10.8 ಮಿಲಿಲೀಟರ್ ನೀರನ್ನು ಹಿಡಿದಿಟ್ಟುಕೊಂಡಿತ್ತು. ನೂರು ಗ್ರಾಂ ಸೌತೆಕಾಯಿಯ ನುಣುಪು ಸಿಪ್ಪೆಗೆ ಅಂಟಿದ್ದು 0.36 ಮಿಲಿಲೀಟರ್ ಮಾತ್ರ. ಸಂಸ್ಕರಿಸದ ಕೊಳಚೆಯ ನೂರು ಮಿಲಿಲೀಟರಿನಲ್ಲಿ ಒಂದು ಕೋಟಿಯಷ್ಟು ಮಲಮೂಲದ ಕೋಲಿಫಾರಂ ಬ್ಯಾಕ್ಟೀರಿಯಾ ಇರುವುದು ಮಾಮೂಲು. ಆ ನೀರೇ ಎಲೆಗೆ ತಗುಲಿದ್ದರೆ ಲೆಟ್ಯೂಸಿನ ಮೇಲೆ ಹತ್ತು ಲಕ್ಷಕ್ಕೂ ಹೆಚ್ಚು, ಸೌತೆಯ ಮೇಲೆ 36 ಸಾವಿರ. ಕೋಲಿಫಾರಂಗಳೆಲ್ಲ ರೋಗ ತರುವುದಿಲ್ಲ ಎಂಬುದು ನಿಜ. ಆದರೆ ಅವು ಇವೆ ಎಂದರೆ ಮಲ ಬೆರೆತಿದೆ ಎಂದರ್ಥ. ಊರಿನಲ್ಲಿ ಟೈಫಾಯ್ಡ್, ಕಾಲರಾ, ಕಾಮಾಲೆ, ವಾಂತಿಭೇದಿಯ ರೋಗಿಗಳಿದ್ದರೆ ಅವರ ರೋಗಾಣುಗಳೂ ಅದೇ ದಾರಿಯಲ್ಲಿ ಬಂದಿರುತ್ತವೆ.

ಈಗ ಸೊಪ್ಪನ್ನು ತೊಳೆಯೋಣ. ಹರಿಯುವ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದರೆ ರೋಗಾಣುಗಳ ಸಂಖ್ಯೆ ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಿಡಿಯುತ್ತದೆ. ತೊಂಬತ್ತು ಪಾಲು ಹೋಯಿತು ಎಂದರೆ ಸಮಾಧಾನವೆನಿಸುತ್ತದೆ, ಆದರೆ ಹತ್ತು ಲಕ್ಷದಲ್ಲಿ ಉಳಿದದ್ದು ಒಂದು ಲಕ್ಷ. ಎಲೆಯ ರಂಧ್ರಗಳಲ್ಲಿ, ಕೊಯ್ದ ತುದಿಯಲ್ಲಿ, ಹುಳ ಕಚ್ಚಿದ ಗಾಯಗಳಲ್ಲಿ ಸೇರಿಕೊಂಡವನ್ನು ನಲ್ಲಿಯ ನೀರು ಮುಟ್ಟುವುದೇ ಇಲ್ಲ. ಬೇಯಿಸುವುದು ಬೇರೆಯೇ ಮಟ್ಟದ ರಕ್ಷಣೆ: ಸರಿಯಾಗಿ ಬೆಂದರೆ ಹತ್ತು ಲಕ್ಷದಲ್ಲಿ ಒಂದು ಉಳಿದರೆ ಹೆಚ್ಚು. ಹೀಗಾಗಿ ರೋಗಾಣುಗಳ ಅಪಾಯವೆಲ್ಲ ಬಂದು ನಿಲ್ಲುವುದು ಹಸಿಯಾಗಿ ತಿನ್ನುವ ತರಕಾರಿಗಳ ಮೇಲೆ.

ಇದಕ್ಕೆ ಚಿಲಿ ದೇಶದ ಸಾಂತಿಯಾಗೊ ನಗರಕ್ಕಿಂತ ಸ್ಪಷ್ಟವಾದ ಸಾಕ್ಷಿ ಸಿಗುವುದು ಕಷ್ಟ. 1970, 80ರ ದಶಕಗಳಲ್ಲಿ ಅಲ್ಲಿ ಟೈಫಾಯ್ಡ್ ಬೇರೂರಿತ್ತು. ಕುಡಿಯುವ ನೀರು ಚೆನ್ನಾಗಿಯೇ ಇತ್ತು. ಮನೆಗಳಿಗೆ ಚರಂಡಿ ಸಂಪರ್ಕವೂ ಇತ್ತು. ಆದರೂ ರೋಗ ಇಳಿಯುತ್ತಿರಲಿಲ್ಲ. ನಗರದ ಕೊಳಚೆ ಸಂಸ್ಕರಣೆಯಿಲ್ಲದೆ ಹೊಳೆ, ಕಾಲುವೆಗಳಿಗೆ ಬಿದ್ದು, ಬೇಸಿಗೆಯಲ್ಲಿ ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳ ಹೊಲಕ್ಕೆ ಹರಿಯುತ್ತಿತ್ತು. 1991ರಲ್ಲಿ ಕಾಲರಾ ಖಂಡಕ್ಕೆ ಕಾಲಿಟ್ಟಾಗ ಸರ್ಕಾರ ಬೆಚ್ಚಿತು. ಇಂಥ ತರಕಾರಿಗಳಿಗೆ ಆ ನೀರು ಹಾಯಿಸುವುದನ್ನು ನಿಷೇಧಿಸಿತು. ಕಾಲರಾ ಹರಡಲಿಲ್ಲ ಎಂಬುದು ಸರಿ, ಅದರ ಜೊತೆಗೆ ಟೈಫಾಯ್ಡ್ ಕೂಡ ಥಟ್ಟನೆ ಕುಸಿಯಿತು. ಕಾಲರಾಕ್ಕೆ ಹೆದರಿ ಕಾಲುವೆ ಮುಚ್ಚಿದವರಿಗೆ, ತಾವು ವರ್ಷಗಟ್ಟಲೆ ಹುಡುಕುತ್ತಿದ್ದ ಟೈಫಾಯ್ಡಿನ ದಾರಿಯೂ ಅಲ್ಲೇ ಸಿಕ್ಕಿತು.

ಜಂತುಹುಳುಗಳ ಮೊಟ್ಟೆಯ ಕಥೆ ಸ್ವಲ್ಪ ಬೇರೆ. ದುಂಡುಹುಳುವಿನ ಮೊಟ್ಟೆಗೆ ದಪ್ಪ ಚಿಪ್ಪಿದೆ. ಮಣ್ಣಿನಲ್ಲಿ ತಿಂಗಳುಗಟ್ಟಲೆ, ಅನುಕೂಲವಿದ್ದರೆ ವರ್ಷಗಟ್ಟಲೆ ಬದುಕಿರುತ್ತದೆ. ಕ್ಲೋರಿನ್ ಅದಕ್ಕೆ ಲೆಕ್ಕಕ್ಕಿಲ್ಲ. ಅದರ ದೌರ್ಬಲ್ಯ ಒಂದೇ, ಅದು ಭಾರವಾಗಿದೆ. ನೀರನ್ನು ಕೊಳದಲ್ಲಿ ಅಲುಗಾಡಿಸದೆ ನಿಲ್ಲಿಸಿದರೆ ತಳಕ್ಕೆ ಇಳಿಯುತ್ತದೆ. ನೀರಾವರಿಗೆ ಬಳಸುವ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಮೊಟ್ಟೆ ಇರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕಾಗಿಯೇ. ಕೊಕ್ಕೆಹುಳು ಇನ್ನೂ ನೇರ: ಅದರ ಮರಿ ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೋಗುತ್ತದೆ. ತಿನ್ನುವವರ ಆರೋಗ್ಯದ ಬಗ್ಗೆ ಇಷ್ಟೆಲ್ಲ ಚರ್ಚೆಯಾಗುತ್ತದೆ, ಆದರೆ ಈ ನೀರಿನ ಮೊದಲ ಬಲಿ ಅದರಲ್ಲಿ ನಿಂತು ಕೆಲಸ ಮಾಡುವವರು ಮತ್ತು ಬದುವಿನ ಮೇಲೆ ಆಡುವ ಅವರ ಮಕ್ಕಳು.

ರೋಗಾಣುಗಳನ್ನು ಎದುರಿಸಲು ಒಂದೇ ಬ್ರಹ್ಮಾಸ್ತ್ರ ಬೇಕಿಲ್ಲ ಎಂಬುದು 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯ ತಿರುಳು. ಹಸಿಯಾಗಿ ತಿನ್ನುವ ಸೊಪ್ಪಿಗೆ ಒಟ್ಟಾರೆ ಹತ್ತು ಲಕ್ಷದಲ್ಲಿ ಒಂದಕ್ಕೆ ಇಳಿಸಿದರೆ ಸಾಕು. ಅದನ್ನು ಹಲವು ತಡೆಗಳ ನಡುವೆ ಹಂಚಿಕೊಳ್ಳಬಹುದು. ಸಾಲಾಗಿ ಕಟ್ಟಿದ ಸಂಸ್ಕರಣಾ ಕೊಳಗಳು ಸಾವಿರದಲ್ಲಿ ಒಂದಕ್ಕೆ ಇಳಿಸಿದವು ಎನ್ನೋಣ. ಎಲೆಗೆ ಎರಚದೆ ಬೇರಿಗೆ ಹನಿ ನೀರಾವರಿ ಮಾಡಿದರೆ, ನೆಲಮಟ್ಟದ ಬೆಳೆಗೂ ಇನ್ನು ನೂರರಲ್ಲಿ ಒಂದು. ಮನೆಯಲ್ಲಿ ತೊಳೆದರೆ ಹತ್ತರಲ್ಲಿ ಒಂದು. ಮೂರನ್ನೂ ಗುಣಿಸಿದರೆ ಹತ್ತು ಲಕ್ಷ. ಕೊಯ್ಲಿಗೆ ಕೆಲವು ದಿನ ಮೊದಲು ಆ ನೀರು ನಿಲ್ಲಿಸಿ ಬಿಸಿಲಿಗೆ ಬಿಟ್ಟರೆ ಅದು ಹೆಚ್ಚಿನ ಭದ್ರತೆ. ಕಾಗದದ ಮೇಲೆ ಇದು ಸೊಗಸಾಗಿದೆ, ಆದರೆ ಬಾಡಿದ ಸೊಪ್ಪನ್ನು ಯಾರೂ ಕೊಳ್ಳುವುದಿಲ್ಲವಾದ್ದರಿಂದ ಕೊಯ್ಲಿನ ಹಿಂದಿನ ದಿನ ನೀರು ನಿಲ್ಲಿಸುವ ಸೊಪ್ಪು ಬೆಳೆಗಾರ ಅಪರೂಪ. ಅಷ್ಟೇ ಅಲ್ಲ, ಕೊಯ್ದ ಸೊಪ್ಪು ತಾಜಾ ಕಾಣಲೆಂದು ಅದೇ ಕಾಲುವೆಯಲ್ಲಿ ಅದ್ದಿ ತೆಗೆದರೆ ಹೊಲದಲ್ಲಿ ಪಟ್ಟ ಪಾಡೆಲ್ಲ ಅಲ್ಲೇ ತೊಳೆದುಹೋಗುತ್ತದೆ.

ಮಣ್ಣಿನಲ್ಲಿ ಕೂರುವ ಲೋಹ

ಈಗ ಅದೇ ಒಂದು ಕೋಟಿ ಲೀಟರಿಗೆ ಮರಳೋಣ. ನೀರಾವರಿ ನೀರಿನಲ್ಲಿ ಕ್ಯಾಡ್ಮಿಯಂ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲೇ ಸಲಹೆ ಮಾಡಿದೆ. ನೀರು ಆ ಮಿತಿಯಲ್ಲೇ ಇದೆ ಎಂದುಕೊಂಡರೂ ವರ್ಷಕ್ಕೆ ಹೆಕ್ಟೇರಿಗೆ ನೂರು ಗ್ರಾಂ ಕ್ಯಾಡ್ಮಿಯಂ ಬಂದು ಬೀಳುತ್ತದೆ. 20 ಸೆಂಟಿಮೀಟರ್ ಆಳದ ಮೇಲ್ಮಣ್ಣು ಸುಮಾರು 2,600 ಟನ್ ತೂಗುತ್ತದೆ. ಅದರಲ್ಲಿ ಹಂಚಿದರೆ ಕಿಲೋ ಮಣ್ಣಿಗೆ ವರ್ಷಕ್ಕೆ 0.04 ಮಿಲಿಗ್ರಾಂ. ನಗಣ್ಯ ಎನಿಸುತ್ತದೆ. ಆದರೆ ಕೆಡದ ಮಣ್ಣಿನಲ್ಲಿ ಸಹಜವಾಗಿ ಇರುವ ಕ್ಯಾಡ್ಮಿಯಮ್ಮೇ ಸಾಮಾನ್ಯವಾಗಿ 0.1ರಿಂದ 0.5 ಮಿಲಿಗ್ರಾಂ. ಹತ್ತು ವರ್ಷದಲ್ಲಿ ಅದಕ್ಕೆ 0.4 ಸೇರುತ್ತದೆ. ಬೆಳೆ ಕೊಯ್ದಾಗ ಹೊರಹೋಗುವ ಪಾಲು ತೀರ ಅತ್ಯಲ್ಪ. ಹೊಲದ ಮಟ್ಟಿಗೆ ಇದು ಜಮೆ ಮಾತ್ರ ಇದ್ದು ಖರ್ಚೇ ಇಲ್ಲದ ಖಾತೆ. ನೀರಿನ ಪರೀಕ್ಷೆಯಲ್ಲಿ ಪ್ರತಿ ಸಲವೂ ಪಾಸಾಗುತ್ತ ಹೋದ ಹೊಲದ ಮಣ್ಣು ಇಪ್ಪತ್ತು ವರ್ಷದ ಬಳಿಕ ಪರೀಕ್ಷೆಯಲ್ಲಿ ಫೇಲಾಗುವುದು ಹೀಗೆ.

ಮಣ್ಣಿನಲ್ಲಿರುವುದೆಲ್ಲ ಗಿಡಕ್ಕೆ ಏರುವುದಿಲ್ಲ. ಸೀಸ ಮಣ್ಣಿನ ಕಣಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹೀರಿದರೂ ಬಹುಪಾಲು ಬೇರಿನಲ್ಲೇ ಉಳಿಯುತ್ತದೆ. ಎಲೆಯ ಮೇಲೆ ಸಿಗುವ ಸೀಸದ ದೊಡ್ಡ ಭಾಗ ಹಾರಿ ಕುಳಿತ ದೂಳು, ಸಿಡಿದ ಮಣ್ಣು. ಆದ್ದರಿಂದ ತೊಳೆದರೆ ಸೀಸ ಗಣನೀಯವಾಗಿ ಇಳಿಯುತ್ತದೆ, ಗೆಡ್ಡೆಯ ಸಿಪ್ಪೆ ತೆಗೆದರೆ ಇನ್ನೂ ಇಳಿಯುತ್ತದೆ. ಕ್ಯಾಡ್ಮಿಯಂ ಹಾಗಲ್ಲ. ರಾಸಾಯನಿಕವಾಗಿ ಅದು ಸತುವಿನ ಹತ್ತಿರದ ನೆಂಟ. ಸತುವನ್ನು, ಕಬ್ಬಿಣವನ್ನು ಒಳಗೆ ಕರೆದುಕೊಳ್ಳಲೆಂದು ಬೇರು ಇಟ್ಟುಕೊಂಡ ಬಾಗಿಲಿನಿಂದಲೇ ಇದೂ ನುಸುಳುತ್ತದೆ, ನೀರಿನ ಜೊತೆ ಎಲೆಗೆ ಏರುತ್ತದೆ, ಎಲೆಯ ಜೀವಕೋಶದೊಳಗೆ ಕೂರುತ್ತದೆ. ತೊಳೆಯುವುದು, ಬೇಯಿಸುವುದು, ಹುರಿಯುವುದು ಯಾವುದೂ ಅದಕ್ಕೆ ನಾಟುವುದಿಲ್ಲ. ಪಾಲಕ್, ಲೆಟ್ಯೂಸಿನಂಥ ಸೊಪ್ಪುಗಳು ಇದನ್ನು ಹೆಚ್ಚು ಕೂಡಿಸಿಕೊಳ್ಳುತ್ತವೆ, ಮೂಲಂಗಿ, ಕ್ಯಾರೆಟ್ ನಡುವಿನವು, ಟೊಮೆಟೊ, ಬೀನ್ಸ್, ಕುಂಬಳ ಜಾತಿಯ ಕಾಯಿಗಳಲ್ಲಿ ಕಡಿಮೆ.

ಎಲ್ಲಕ್ಕಿಂತ ಕಳವಳದ ಸಂಗತಿ ಇದು: ತಾಮ್ರ, ಸತು, ನಿಕಲ್ ಅತಿಯಾದರೆ ಮೊದಲು ಗಿಡವೇ ನರಳುತ್ತದೆ. ಎಲೆ ಹಳದಿಯಾಗುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ, ಮನುಷ್ಯನಿಗೆ ಹಾನಿಯಾಗುವಷ್ಟು ತುಂಬಿಕೊಳ್ಳುವ ಮೊದಲೇ ಬೆಳೆ ಕೆಡುತ್ತದೆ. ಕ್ಯಾಡ್ಮಿಯಂಗೆ ಈ ತಡೆ ಇಲ್ಲ. ನಮ್ಮ ಮೂತ್ರಪಿಂಡಕ್ಕೆ ಕೆಡುಕಾಗುವಷ್ಟು ಕ್ಯಾಡ್ಮಿಯಂ ತುಂಬಿಕೊಂಡ ಗಿಡವೂ ಹಸಿರಾಗಿ, ಮಿರಮಿರನೆ ಬೆಳೆದು ನಿಂತಿರುತ್ತದೆ. ಸೊಪ್ಪಿನ ಬಣ್ಣ, ವಾಸನೆ ನೋಡಿ ಕೊಳಚೆ ನೀರಿನದೋ ಅಲ್ಲವೋ ಹೇಳುತ್ತೇನೆ ಎನ್ನುವವರ ಮಾತನ್ನು ನಾನು ನಂಬದಿರುವುದು ಇದಕ್ಕೇ.

ಒಂದೇ ಪ್ರಮಾಣದ ಲೋಹವಿರುವ ಎರಡು ಹೊಲಗಳಲ್ಲಿ ಒಂದರ ಸೊಪ್ಪು ತಿನ್ನಲು ಯೋಗ್ಯ, ಇನ್ನೊಂದರದು ಅಲ್ಲ ಎಂಬುದೂ ಸಾಧ್ಯ. ಮಣ್ಣು ಆಮ್ಲೀಯವಾದಷ್ಟೂ ಕ್ಯಾಡ್ಮಿಯಂ ಕಣಗಳ ಹಿಡಿತ ಬಿಟ್ಟು ನೀರಿಗೆ ಬರುತ್ತದೆ. ಸುಣ್ಣ ಹಾಕಿ ಆಮ್ಲೀಯತೆ ತಗ್ಗಿಸಿದರೆ ಹಿಡಿತ ಬಿಗಿಯಾಗುತ್ತದೆ. ಸಾವಯವ ಗೊಬ್ಬರವೂ ಅದನ್ನು ಕಟ್ಟಿಹಾಕುತ್ತದೆ. ಸತುವಿನ ಕೊರತೆಯಿರುವ ಮಣ್ಣಿನಲ್ಲಿ ಗಿಡ ಕ್ಯಾಡ್ಮಿಯಂ ಅನ್ನು ಹೆಚ್ಚು ಒಳಗೆಳೆದುಕೊಳ್ಳುತ್ತದೆ. ಉಪ್ಪಿನ ಅಂಶ ಹೆಚ್ಚಿರುವ ನೀರಿನ ಕ್ಲೋರೈಡ್ ಕ್ಯಾಡ್ಮಿಯಂ ಜೊತೆ ಸೇರಿ ಅದನ್ನು ಮಣ್ಣಿನಿಂದ ಬಿಡಿಸುತ್ತದೆ, ಮತ್ತು ಕೊಳಚೆ ನೀರಿನಲ್ಲಿ ಉಪ್ಪು ಹೇಗೂ ಹೆಚ್ಚು.

ಹಾಗಾದರೆ ತಟ್ಟೆಯ ಲೆಕ್ಕ ಏನು? ಸೊಪ್ಪು ತರಕಾರಿಯಲ್ಲಿ ಕ್ಯಾಡ್ಮಿಯಂ ಕಿಲೋಗೆ 0.2 ಮಿಲಿಗ್ರಾಂ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಆಹಾರ ಮಾನದಂಡಗಳ ಆಯೋಗವಾದ ಕೋಡೆಕ್ಸ್ ಇಟ್ಟ ಮಿತಿ. ಆ ಮಿತಿಯಲ್ಲಿರುವ ಸೊಪ್ಪನ್ನು ನೂರು ಗ್ರಾಂ ತಿಂದರೆ ಒಳಹೋಗುವುದು 20 ಮೈಕ್ರೋಗ್ರಾಂ. ಆಹಾರದಲ್ಲಿನ ಕಲ್ಮಶಗಳನ್ನು ಪರಿಶೀಲಿಸುವ ವಿಶ್ವಸಂಸ್ಥೆಯ ತಜ್ಞ ಸಮಿತಿ 2010ರಲ್ಲಿ ತಿಂಗಳಿಗೆ ದೇಹತೂಕದ ಪ್ರತಿ ಕಿಲೋಗೆ 25 ಮೈಕ್ರೋಗ್ರಾಂ ಸಹ್ಯ ಎಂದಿತು. 60 ಕಿಲೋ ತೂಕದವರಿಗೆ ದಿನಕ್ಕೆ 50. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ಇನ್ನೂ ಬಿಗಿ, ಅದೇ ವ್ಯಕ್ತಿಗೆ ದಿನಕ್ಕೆ ಸುಮಾರು 21. ಅಂದರೆ ಎರಡನೆಯ ಲೆಕ್ಕದಲ್ಲಿ ಒಂದು ತಟ್ಟೆ ಸೊಪ್ಪೇ ದಿನದ ಪಾಲನ್ನು ಮುಗಿಸುತ್ತದೆ. ಧಾನ್ಯದಿಂದ, ಬೀಡಿ ಸಿಗರೇಟಿನಿಂದ ಬರುವ ಕ್ಯಾಡ್ಮಿಯಂ ಇದರ ಮೇಲೆ. ಒಂದು ದಿನ ಹೆಚ್ಚಾದರೆ ಏನೂ ಆಗುವುದಿಲ್ಲ. ಆದರೆ ಮೂತ್ರಪಿಂಡಕ್ಕೆ ಸೇರಿದ ಕ್ಯಾಡ್ಮಿಯಂ ಅರ್ಧದಷ್ಟು ಕಡಿಮೆಯಾಗಲು 10ರಿಂದ 30 ವರ್ಷ ಬೇಕಾಗುವುದರಿಂದ ಲೆಕ್ಕ ಹಾಕಬೇಕಾದ್ದು ದಿನಗಳಲ್ಲಿ ಅಲ್ಲ, ದಶಕಗಳಲ್ಲಿ.

ಇಲ್ಲೊಂದು ಅಡ್ಡಮಾತು. ‘ತರಕಾರಿಯಲ್ಲಿ ಮಿತಿಗಿಂತ ಹತ್ತು ಪಟ್ಟು ಲೋಹ’ ಎಂಬಂಥ ಸುದ್ದಿ ಓದಿದಾಗ ಅಳೆದದ್ದು ಹಸಿ ತೂಕದಲ್ಲೋ ಒಣ ತೂಕದಲ್ಲೋ ಎಂದು ಹುಡುಕಿ ನೋಡಿ. ಪ್ರಯೋಗಾಲಯಗಳು ಮಾದರಿಯನ್ನು ಒಣಗಿಸಿ ಪುಡಿಮಾಡಿ ಅಳೆಯುತ್ತವೆ. ಸೊಪ್ಪಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಆದ್ದರಿಂದ ಒಣ ತೂಕದಲ್ಲಿ ಕಿಲೋಗೆ 2 ಮಿಲಿಗ್ರಾಂ ಎಂದರೆ ಹಸಿ ತೂಕದಲ್ಲಿ 0.2 ಅಷ್ಟೇ. ಮಿತಿ ಇರುವುದು ಹಸಿ ತೂಕಕ್ಕೆ. ಈ ಎರಡನ್ನು ಬೆರೆಸಿ ಹೋಲಿಸಿದರೆ ಹತ್ತು ಪಟ್ಟು ಗಾಬರಿ ಪುಕ್ಕಟೆಯಾಗಿ ಸಿಗುತ್ತದೆ. ಮಾದರಿಯನ್ನು ತೊಳೆದು ಅಳೆದರೋ ತೊಳೆಯದೆಯೋ ಎಂಬುದೂ ಸೀಸದ ಅಂಕಿಯನ್ನು ಬಹಳ ಬದಲಿಸುತ್ತದೆ.

ಅಷ್ಟಾದರೂ ಭಯಕ್ಕೆ ಆಧಾರವಿಲ್ಲವೆಂದಲ್ಲ. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯೊಂದರಿಂದ ಹರಿದ ಕ್ಯಾಡ್ಮಿಯಂ ನೀರಾವರಿ ಕಾಲುವೆಗಳ ಮೂಲಕ ಭತ್ತದ ಗದ್ದೆಗಳಲ್ಲಿ ದಶಕಗಟ್ಟಲೆ ಕೂಡಿಬಿತ್ತು. ಅಕ್ಕಿಯ ಮೂಲಕ ಅದು ಜನರ ದೇಹ ಸೇರಿ, ಮೂತ್ರಪಿಂಡ ಕೆಟ್ಟು, ಮೂಳೆ ಮೆತ್ತಗಾಗಿ ತಾನಾಗಿ ಮುರಿಯುವ ಇತಾಯಿ-ಇತಾಯಿ ರೋಗ ತಂದಿತು. ನರಳಿದವರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದ ಮಹಿಳೆಯರು. 1968ರಲ್ಲಿ ಜಪಾನ್ ಸರ್ಕಾರ ಅದನ್ನು ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿಕೊಂಡಿತು. ಅದು ನಗರದ ಕೊಳಚೆಯಲ್ಲ, ಗಣಿಯ ನೀರು. ಪ್ರಮಾಣವೂ ಬಹಳ ಹೆಚ್ಚು. ಆದರೆ ದಾರಿ ಇದೇ. ಅಲ್ಲಿ ಮೇಲ್ಮಣ್ಣನ್ನು ಬದಲಿಸಿ ಗದ್ದೆಗಳನ್ನು ಸರಿಪಡಿಸುವ ಕೆಲಸ 1979ರಲ್ಲಿ ಶುರುವಾಗಿ ಮುಗಿದದ್ದು 2012ರಲ್ಲಿ.

ಔಷಧಿಗಳ ಶೇಷ ಈ ಪಟ್ಟಿಗೆ ಹೊಸದಾಗಿ ಸೇರಿದೆ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್ ಎಂಬ ಔಷಧಿ ಸಂಸ್ಕರಣೆಗೂ ಜಗ್ಗದೆ ಉಳಿಯುತ್ತದೆ. ಸಂಸ್ಕರಿಸಿದ ತ್ಯಾಜ್ಯನೀರಿನಲ್ಲಿ ಬೆಳೆದ ತರಕಾರಿ ತಿಂದ ಆರೋಗ್ಯವಂತರ ಮೂತ್ರದಲ್ಲಿ ಅದು ಕಾಣಿಸಿಕೊಂಡಿದ್ದನ್ನು ಇಸ್ರೇಲಿನಲ್ಲಿ 2016ರಲ್ಲಿ ದಾಖಲಿಸಿದರು. ಸಿಕ್ಕ ಪ್ರಮಾಣ ಒಂದು ಮಾತ್ರೆಗೆ ಹೋಲಿಸಿದರೆ ಏನೇನೂ ಅಲ್ಲ. ನನ್ನ ದೃಷ್ಟಿಯಲ್ಲಿ ಇದು ಗಮನಿಸುತ್ತ ಇರಬೇಕಾದ ವಿಷಯ, ಇವತ್ತಿನ ಮೊದಲ ಚಿಂತೆಯಲ್ಲ.

ಸಂಸ್ಕರಿಸಿದರೆ ಎಲ್ಲ ಸರಿಯೇ?

ಸಂಸ್ಕರಿಸಿದ ನೀರು ಎಂದ ಕೂಡಲೇ ಶುದ್ಧ ನೀರು ಎಂದು ತಿಳಿಯುವುದು ಅವಸರದ ತೀರ್ಮಾನ. ಹೆಚ್ಚಿನ ಘಟಕಗಳ ಮುಖ್ಯ ಕೆಲಸ ಕೊಳೆಯುವ ಸಾವಯವ ಅಂಶವನ್ನು ತೆಗೆದು, ನೀರು ನಾರದಂತೆ, ಹೊಳೆಯ ಮೀನು ಸಾಯದಂತೆ ನೋಡಿಕೊಳ್ಳುವುದು. ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸಿ ಮಾಡುವ ಈ ಸಂಸ್ಕರಣೆಯಿಂದ ಹೊರಬಂದ ನೀರು ತಿಳಿಯಾಗಿರುತ್ತದೆ, ಆದರೆ ರೋಗಾಣು ಹತ್ತರಲ್ಲಿ ಒಂದಕ್ಕೋ ನೂರರಲ್ಲಿ ಒಂದಕ್ಕೋ ಇಳಿದಿರುತ್ತದೆ ಅಷ್ಟೇ. ಮೊದಲಿದ್ದದ್ದು ಕೋಟಿ ಎಂಬುದನ್ನು ಮರೆಯಬಾರದು. ಆಮೇಲೆ ಕ್ಲೋರಿನ್ ಅಥವಾ ನೇರಳಾತೀತ ಕಿರಣದ ಹಂತ ಇದೆಯೇ, ಇದ್ದರೆ ಅದು ದಿನವೂ ನಡೆಯುತ್ತಿದೆಯೇ ಎಂಬುದೇ ಸೊಪ್ಪು ತಿನ್ನುವವರಿಗೆ ಬೇಕಾದ ಪ್ರಶ್ನೆ.

ಲೋಹಗಳ ವಿಷಯದಲ್ಲಿ ಘಟಕ ಮಾಡುವುದು ಸ್ಥಳಾಂತರ. ಕ್ಯಾಡ್ಮಿಯಂ, ಸೀಸ, ತಾಮ್ರಗಳ ಹೆಚ್ಚಿನ ಪಾಲು ಕಣಗಳಿಗೆ ಅಂಟಿ ಕೆಸರಿಗೆ ಇಳಿಯುತ್ತದೆ. ನೀರು ಹಗುರಾಯಿತು, ನಿಜ. ಆದರೆ ಆ ಕೆಸರನ್ನು ಒಣಗಿಸಿ ಗೊಬ್ಬರವೆಂದು ಹೊಲಕ್ಕೆ ಸುರಿದರೆ, ಮುಂಬಾಗಿಲಿನಲ್ಲಿ ತಡೆದದ್ದು ಹಿತ್ತಿಲಿನಿಂದ ಒಳಗೆ ಬರುತ್ತದೆ.

ರೋಗಾಣುವಿಗೆ ಹೊಲದಿಂದ ಒಲೆಯವರೆಗೆ ಹಲವು ಕಡೆ ತಡೆ ಒಡ್ಡಬಹುದು, ಲೋಹಕ್ಕೆ ಆ ಅನುಕೂಲವಿಲ್ಲ. ಒಮ್ಮೆ ಕೆಟ್ಟ ಹೊಲದಲ್ಲಿ ಸುಣ್ಣ ಹಾಕಿ, ಸೊಪ್ಪು ಬಿಟ್ಟು ಕಾಯಿ ತರಕಾರಿಗೋ ಹೂವಿಗೋ ತಿರುಗಿ ನಷ್ಟವನ್ನು ಕಡಿಮೆ ಮಾಡಿಕೊಳ್ಳಬಹುದು ಅಷ್ಟೇ. ನಿಜವಾದ ತಡೆ ಲೋಹ ಚರಂಡಿಗೆ ಬೀಳುವ ಜಾಗದಲ್ಲಿದೆ. ಮನೆಗಳ ಕೊಳಚೆಯಲ್ಲಿ ಲೋಹ ಕಡಿಮೆ. ಕೊಳವೆಗಳಿಂದ ಒಂದಿಷ್ಟು ತಾಮ್ರ, ಸತು ಬರುತ್ತದೆ. ಹೆಚ್ಚಿನ ಹೊರೆ ಬರುವುದು ಲೋಹದ ಲೇಪನ ಮಾಡುವ ಕಾರ್ಖಾನೆ, ಬ್ಯಾಟರಿ ಒಡೆದು ಕರಗಿಸುವ ಶೆಡ್ಡು, ಚರ್ಮ ಹದಮಾಡುವ ಘಟಕಗಳಿಂದ. ಒಂದು ಸಣ್ಣ ಲೇಪನ ಘಟಕ ರಾತ್ರಿ ತೊಟ್ಟಿ ಖಾಲಿ ಮಾಡಿದರೆ, ಇಡೀ ಬಡಾವಣೆಯ ನಿರಪಾಯಕಾರಿ ಕೊಳಚೆ ಅದರೊಡನೆ ಬೆರೆತು ಕೆಡುತ್ತದೆ. ಬೆರೆತ ಮೇಲೆ ಬೇರ್ಪಡಿಸುವ ಖರ್ಚು ಬೆರೆಯದಂತೆ ತಡೆಯುವ ಖರ್ಚಿಗಿಂತ ಎಷ್ಟೋ ಪಟ್ಟು ಹೆಚ್ಚು.

ರಾತ್ರಿ ಸುರಿದವರನ್ನು ಹಗಲಿನಲ್ಲಿ ಹಿಡಿಯುವುದು ಹೇಗೆ ಎಂದು ಕೈಚೆಲ್ಲಬೇಕಾಗಿಲ್ಲ. ಹಗಲು ತೆಗೆದ ಒಂದು ಬಾಟಲಿ ನೀರು ರಾತ್ರಿಯ ಸುದ್ದಿ ಹೇಳುವುದಿಲ್ಲ, ಕೆಸರು ಹೇಳುತ್ತದೆ. ವಾರಗಟ್ಟಲೆ ಹರಿದುಹೋದ ನೀರಿನ ಲೋಹ ಅದರಲ್ಲಿ ಉಳಿದಿರುತ್ತದೆ. ಘಟಕದ ಕೆಸರಿನಲ್ಲಿ ನಿಕಲ್ ಏರಿದ್ದು ಕಂಡರೆ, ಅಲ್ಲಿಂದ ಹಿಂದಕ್ಕೆ ಒಂದೊಂದೇ ಮ್ಯಾನ್‌ಹೋಲ್ ತೆರೆದು, ಕೊಳವೆಯ ಗೋಡೆಗೆ ಅಂಟಿದ ಲೋಳೆಯನ್ನು ಕೆರೆದು ಪರೀಕ್ಷಿಸುತ್ತ ಹೋಗಬೇಕು. ಎರಡು ಕವಲು ಸೇರುವಲ್ಲಿ ಯಾವುದರ ಲೋಳೆಯಲ್ಲಿ ನಿಕಲ್ ಇದೆಯೋ ಆ ಕಡೆ ತಿರುಗಬೇಕು. ಹಾಗೆ ತಿರುಗುತ್ತ ಹೋದವರು ಕೊನೆಗೆ ಯಾವುದೋ ಒಂದು ಬೀದಿಯ ಒಂದೆರಡು ಕಟ್ಟಡಗಳ ಮುಂದೆ ಬಂದು ನಿಲ್ಲುತ್ತಾರೆ.